ಬಾಳವ್ವನ ಬೆಳ್ಳಿ ತಗಡು

"ಗುರುಗಳೇ, ಸತ್ತವರು ಬಿಟ್ಟುಹೋದ ಬೆಳ್ಳಿಯನ್ನು ಕಪ್ಪಾಗದಂತೆ ಇಟ್ಟುಕೊಳ್ಳುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಅವನ ತಾಯಿ ತೀರಿಕೊಂಡು ವರ್ಷವಾಗಿತ್ತು. ಅವಳ ಎರಡು ಕಾಲುಂಗುರ, ಅವಳು ಸೆರಗಿನ ತುದಿಗೆ ಗಂಟು ಹಾಕಿಕೊಂಡಿರುತ್ತಿದ್ದ ಒಂದು ಬೆಳ್ಳಿ ನಾಣ್ಯ ಅವನ ಬಳಿ ಇದ್ದವು. ಮೂರೂ ಕಪ್ಪಾಗಿದ್ದವು. ಅವನ್ನು ಗುರುಗಳ ಮುಂದೆ ಚಾಪೆಯ ಮೇಲಿಟ್ಟು, ಹುಣಸೆಹಣ್ಣು ಹಾಕಲೇ, ವಿಭೂತಿ ಹಾಕಲೇ, ಅಂಟುವಾಳದ ನೊರೆ ಸಾಕೇ ಎಂದು ಒಂದೊಂದಾಗಿ ಕೇಳಿದ.

ಗುರುಗಳು ನಾಣ್ಯವನ್ನು ಎತ್ತಿ ತಿರುಗಿಸಿ ನೋಡಿ ಇದ್ದಲ್ಲೇ ಇಟ್ಟರು. ಬೆಳ್ಳಿ ಕಾಯುವ ವಿದ್ಯೆಯಲ್ಲಿ ಎಲ್ಲರನ್ನೂ ಮೀರಿಸಿದವನು ಈ ಸೀಮೆಯಲ್ಲಿ ಒಬ್ಬನೇ ಆಗಿಹೋದ, ಅವನ ಕತೆ ಕೇಳಿ ಆಮೇಲೆ ಹುಣಸೆಹಣ್ಣು ನೆನೆಹಾಕು ಎಂದರು. ಕತೆ ಹೀಗಿತ್ತು.

ಒಂದು ಪೇಟೆಯಲ್ಲಿ ಒಬ್ಬ ಚಿನಿವಾರನಿದ್ದ. ನಾಣ್ಯ ಖರೆಯದೋ ಖೋಟಾವೋ ನೋಡಿ ಹೇಳುವುದು ಅವನ ಮನೆತನದ ಕಸುಬು. ಬೇರೆ ಚಿನಿವಾರರು ಕಣ್ಣಿನಿಂದ ನೋಡುತ್ತಿದ್ದರು. ಇವನು ಕಿವಿಯಿಂದ ನೋಡುತ್ತಿದ್ದ. ಪಕ್ಕದ ಓಣಿಯಲ್ಲಿ ಯಾರದೋ ಸೊಂಟದಿಂದ ನಾಣ್ಯ ಜಾರಿ ಬಿದ್ದರೆ, ಅದು ಯಾವ ಅರಸನ ಕಾಲದ್ದು, ಅಂಚು ಎಷ್ಟು ಸವೆದಿದೆ ಎಂದು ಕೂತಲ್ಲಿಂದಲೇ ಹೇಳುತ್ತಿದ್ದ. ಇವನು ಹೇಳಿ ಮುಗಿಸಿದ ಮೇಲೆ, ಕಳೆದುಕೊಂಡವನು ಹುಡುಕುತ್ತ ಬರುತ್ತಿದ್ದ. ಇದು ಕಂಡವರು ಹೇಳಿದ ಮಾತು. ಕಾಣದವರು ಇನ್ನೂ ಹೆಚ್ಚು ಹೇಳುತ್ತಾರೆ.

ಆದರೆ ಅವನ ಹೆಸರು ಏಳು ಹರದಾರಿ ಹಬ್ಬಿದ್ದು ಬೇರೆ ಕಾರಣಕ್ಕೆ. ಅವನ ಕೈಗೆ ಹೋದ ಬೆಳ್ಳಿ ಕಪ್ಪಾಗುತ್ತಿರಲಿಲ್ಲ. ಮಳೆಗಾಲ ಹತ್ತಿರ ಬಂದರೆ ಸಾಕು, ಸುತ್ತಲಿನ ಹಳ್ಳಿಗಳಿಂದ ಜನ ಗಂಟು ಹೊತ್ತುಕೊಂಡು ಬರುತ್ತಿದ್ದರು. ಅಜ್ಜಿಯ ಡಾಬು, ಮುತ್ತಾತನ ಕೈಕಡಗ, ನೆಲದಲ್ಲಿ ಹೂತಿಟ್ಟು ಮರೆತ ನಾಣ್ಯ, ಎಲ್ಲವನ್ನೂ ಅವನ ಪೆಟ್ಟಿಗೆಯಲ್ಲಿ ಇರಿಸಿ ದೀಪಾವಳಿಗೆ ಮುಂಚೆ ಬಿಡಿಸಿಕೊಂಡು ಹೋಗುತ್ತಿದ್ದರು. ಒಬ್ಬ ಗೌಡನಿಗೆ ಹಿತ್ತಲು ಅಗೆಯುವಾಗ ಒಂದು ತಂಬಿಗೆ ನಾಣ್ಯ ಸಿಕ್ಕಿತ್ತು. ಗಿಳಿಯ ಹಾಗೆ ಹಸಿರಾಗಿದ್ದವು. ಚಿನಿವಾರ ಎಂಟು ದಿನ ಇಟ್ಟುಕೊಂಡು ಹಿಂದಿರುಗಿಸಿದ. ಗೌಡ ಹೌಹಾರಿದ. ಇವು ನನ್ನವಲ್ಲ, ನಿನ್ನೆ ಟಂಕಸಾಲೆಯಿಂದ ಬಂದವು, ನನ್ನ ಹಿರಿಯರದನ್ನು ನನಗೆ ಕೊಡು ಎಂದು ಮೂರು ದಿನ ಕಟ್ಟೆಯ ಮೇಲೆ ಕೂತು ಜಗಳ ಮಾಡಿದ. ಪೇಟೆಯವರು ನಕ್ಕು ನಕ್ಕು ಸುಸ್ತಾದರು. ಚಿನಿವಾರ ಆ ಜಗಳವನ್ನು ಬಿರುದಿನಂತೆ ಹೇಳಿಕೊಂಡು ತಿರುಗಿದ.

ಅವನ ಪೆಟ್ಟಿಗೆ ಹಳೆಯ ತೇಗದ್ದು. ಅದರ ನಾಲ್ಕು ಮೂಲೆಯಲ್ಲಿ ಕರ್ಪೂರ, ತಳದಲ್ಲಿ ಸೀಮೆಸುಣ್ಣದ ಗಟ್ಟಿಗಳು. ಒಂದೊಂದು ವಸ್ತುವನ್ನೂ ಹತ್ತು ಸಲ ಒಗೆದ ಹತ್ತಿಬಟ್ಟೆಯಲ್ಲಿ ಬೇರೆ ಬೇರೆ ಸುತ್ತಿಡುತ್ತಿದ್ದ. ಉಣ್ಣೆಯನ್ನು ಹತ್ತಿರ ಬಿಡುತ್ತಿರಲಿಲ್ಲ. ಉಪ್ಪು ಮುಟ್ಟಿದ ಕೈ, ಹುಣಸೆ ಮುಟ್ಟಿದ ಕೈ, ಮೊಟ್ಟೆ ಮುಟ್ಟಿದ ಕೈ ಆ ಕೋಣೆಗೆ ಬರುವಂತಿರಲಿಲ್ಲ. ಪೆಟ್ಟಿಗೆ ತೆರೆಯುವಾಗ ಅವನು ಮೂಗು ಬಾಯಿ ಮುಚ್ಚುವಂತೆ ಒಂದು ಪಂಚೆಯ ತುಂಡು ಕಟ್ಟಿಕೊಳ್ಳುತ್ತಿದ್ದ. ಉಸಿರಿನಲ್ಲಿ ತೇವ ಇರುತ್ತದೆ, ಮಾತಿನಲ್ಲಿ ಇನ್ನೂ ಹೆಚ್ಚು ಇರುತ್ತದೆ ಎನ್ನುತ್ತಿದ್ದ. ಬೆಳ್ಳಿಯ ಮುಂದೆ ಅವನು ಮಾತಾಡಿದ್ದನ್ನು ಯಾರೂ ಕೇಳಲಿಲ್ಲ.

ಈ ಚಿನಿವಾರನಿಗೆ ಬಾಳವ್ವ ಎಂಬ ಹೆಂಡತಿ ಇದ್ದಳು. ಮಗಳು ಎಂಟು ತಿಂಗಳ ಕೂಸಾಗಿದ್ದಾಗ, ವಾಂತಿಭೇದಿ ಬಂದ ವರ್ಷ, ಬೆಳಿಗ್ಗೆ ರೊಟ್ಟಿ ಬಡಿದವಳು ಸಂಜೆಯ ಹೊತ್ತಿಗೆ ಇಲ್ಲವಾದಳು.

ಆ ಪೇಟೆಯ ಜನರಲ್ಲಿ ಒಂದು ಪದ್ಧತಿ. ಮನೆಯಲ್ಲಿ ಯಾರಾದರೂ ಸತ್ತರೆ ಅವರ ಮುಖವನ್ನು ಅಂಗೈಗಿಂತ ಚಿಕ್ಕದಾದ ಬೆಳ್ಳಿ ತಗಡಿನ ಮೇಲೆ ಎತ್ತಿಸುತ್ತಾರೆ. ದೇವರ ಜಗಲಿಯ ಮೇಲೆ ಹಿರಿಯರ ಸಾಲಿನಲ್ಲಿ ಅದನ್ನಿಟ್ಟು ಪೂಜಿಸುತ್ತಾರೆ. ಚಿನಿವಾರ ಬಾಳವ್ವನ ಕಾಲ್ಗೆಜ್ಜೆ ಬಿಚ್ಚಿ ತಂದು ಬೆಳ್ಳಿ ಕೆಲಸದ ಪತ್ತಾರನ ಮುಂದೆ ಇಟ್ಟ. ಇದನ್ನೇ ಕರಗಿಸಿ ತಗಡು ಮಾಡು, ಮುಖ ನಾನು ಹೇಳುತ್ತೇನೆ ಎಂದ. ಎರಡು ದಿನ ಪತ್ತಾರನ ಎದುರು ಕೂತ. ಮೂಗಿನ ಹೊಳ್ಳೆ ಎಡಗಡೆ ಸ್ವಲ್ಪ ಅಗಲ ಎಂದ. ತುಟಿಯ ಮೂಲೆಯಲ್ಲಿ ಒಂದು ಗುಳಿ, ನಗುವಾಗಲ್ಲ, ಸಿಟ್ಟು ಬಂದಾಗ ಬೀಳುವ ಗುಳಿ ಎಂದ. ರೆಪ್ಪೆ ಎಷ್ಟು ಇಳಿದಿರಬೇಕು ಎಂದು ತಾನೇ ಕಣ್ಣು ಅರೆಮುಚ್ಚಿ ತೋರಿಸಿದ. ನಲವತ್ತು ವರ್ಷದ ಕಸುಬಿನಲ್ಲಿ ಹೆಂಡತಿಯನ್ನು ಹೀಗೆ ನೋಡಿಟ್ಟುಕೊಂಡ ಗಂಡನನ್ನು ಕಂಡಿಲ್ಲ ಎಂದು ಪತ್ತಾರ ಕೂಲಿಯಲ್ಲಿ ಅರ್ಧ ಬಿಟ್ಟ. ತಗಡು ಕೈಗೆ ಬಂದಾಗ ಅದು ಬಾಳವ್ವನೇ ಆಗಿತ್ತು. ಚಿನಿವಾರನ ತಾಯಿ ಅದನ್ನು ನೋಡಿ, ಏನೇ ಇಷ್ಟು ಹೊತ್ತು ಎಲ್ಲಿ ಹೋಗಿದ್ದೆ ಎಂದು ಕೇಳಿಬಿಟ್ಟಳು. ಆ ಮುದುಕಿಯೂ ಅದೇ ವರ್ಷ ತೀರಿಕೊಂಡಳು.

ಕೂಸನ್ನು ನೋಡುವವರು ಬೇಕಲ್ಲ. ವರ್ಷ ತುಂಬುವುದರೊಳಗೆ ಅವನು ಲಗಮವ್ವ ಎಂಬವಳನ್ನು ಕಟ್ಟಿಕೊಂಡ. ಬಡವರ ಮನೆಯ ಹುಡುಗಿ, ಬಾಯಿ ಜೋರು, ಕೈ ಚುರುಕು. ಇಲ್ಲಿ ಆ ಜನರ ಇನ್ನೊಂದು ಪದ್ಧತಿ ಹೇಳಬೇಕು. ಮೊದಲ ಹೆಂಡತಿ ಸತ್ತ ಮನೆಗೆ ಎರಡನೆಯವಳಾಗಿ ಬಂದವಳು ಹೋದವಳ ತಗಡನ್ನು ಕೊರಳಲ್ಲಿ ಕಟ್ಟಿಕೊಳ್ಳಬೇಕು. ಹೊಸ ಸೀರೆಯನ್ನು ಮೊದಲು ಆ ತಗಡಿಗೆ ಮುಟ್ಟಿಸಿ ಆಮೇಲೆ ಉಡಬೇಕು. ಮೊದಲ ತುತ್ತನ್ನು ಅದಕ್ಕೆ ತೋರಿಸಿ ಆಮೇಲೆ ಉಣ್ಣಬೇಕು. ಬಹಳ ಹೆಂಗಸರು ಇದನ್ನು ಹಲ್ಲು ಕಚ್ಚಿಕೊಂಡು ಮಾಡುತ್ತಾರೆ. ಸವತಿಯನ್ನು ಎದೆಯ ಮೇಲೆ ಹೊತ್ತು ತಿರುಗುವುದು ಯಾರಿಗೆ ಬೇಕು?

ಲಗಮವ್ವ ಹಾಗೆ ಮಾಡಲಿಲ್ಲ. ಬಂದ ಎಂಟು ದಿನಕ್ಕೇ ಅವಳು ತಗಡಿನ ಜೊತೆ ಮಾತಾಡತೊಡಗಿದಳು. ಅಕ್ಕಾ, ಉಪ್ಪಿನ ಡಬ್ಬಿ ಎಲ್ಲಿಟ್ಟಿದ್ದೀ ಎಂದು ಕೇಳುವಳು. ಅಕ್ಕಾ, ನಿನ್ನ ಗಂಡನಿಗೆ ಸಾರಿಗೆ ಎಷ್ಟು ಖಾರ ಹಾಕಿದರೂ ಸಾಲದಲ್ಲ, ನೀನು ಹೇಗೆ ತಾಳಿಕೊಂಡೆ ಎನ್ನುವಳು. ಕೂಸು ಹಾಲು ಕುಡಿಯದಿದ್ದರೆ ಚಾಡಿ ಹೇಳುವಳು. ನೀರು ಸೇದುವ ಹೆಂಗಸರು, ಏನೇ ಲಗಮಿ, ಸವತಿ ಏನಂದಳು ಇವತ್ತು ಎಂದು ಕೆಣಕಿದರೆ, ನಿಮ್ಮ ಬಗ್ಗೆ ಏನೋ ಅಂದಳು, ಹೇಳಬಾರದಂತೆ ಎಂದು ಕೊಡ ಎತ್ತಿಕೊಂಡು ನಡೆದುಬಿಡುವಳು.

ಕೂಸು ಅವಳ ಸೊಂಟದ ಮೇಲೆ ಬೆಳೆಯಿತು. ಹಲ್ಲು ಬರುವಾಗ ಆ ತಗಡನ್ನೇ ಕಚ್ಚಿತು. ನಿದ್ದೆ ಬಂದರೆ ಅದನ್ನೇ ಹಿಡಿದುಕೊಂಡು ಮಲಗಿತು. ಮಾತು ಬಂದಾಗ ಲಗಮವ್ವ ತಗಡಿನ ಮೇಲೆ ಬೆರಳಿಟ್ಟು, ಇವಳು ಅವ್ವ, ನಾನು ಚಿಕ್ಕವ್ವ ಎಂದು ಕಲಿಸಿದಳು. ಬೆವರು, ಹೊಗೆ, ಅರಿಶಿನ, ಕೂಸಿನ ಜೊಲ್ಲು, ಎಲ್ಲ ಸೇರಿ ಬೆಳ್ಳಿಯ ಗೆರೆಗಳಲ್ಲಿ ಕಪ್ಪು ಕೂತಿತು. ಕೆನ್ನೆ, ಮೂಗು, ಹಣೆ ಮೈಗೆ ಉಜ್ಜಿ ಬೆಳ್ಳಗಿದ್ದವು. ಕಣ್ಣು, ಹುಬ್ಬು, ತುಟಿಯ ಗುಳಿ ಕಪ್ಪಗಿದ್ದವು.

ಮಗುವಿಗೆ ನಾಲ್ಕು ವರ್ಷವಾದಾಗ ಒಬ್ಬ ಸಾಹುಕಾರ ಬೆಳ್ಳಿಯ ಆರತಿ ತಟ್ಟೆ ಇಡಲು ಬಂದ. ಪೇಟೆಯ ನಾಲ್ಕು ಮಂದಿ ದೊಡ್ಡವರೂ ಕಟ್ಟೆಯ ಮೇಲೆ ಕೂತಿದ್ದರು. ಲಗಮವ್ವ ಮಜ್ಜಿಗೆ ತಂದು ಬಗ್ಗಿ ಇಡುವಾಗ ಕೊರಳ ತಗಡು ಮುಂದಕ್ಕೆ ತೂಗಿತು. ಸಾಹುಕಾರ ಅದನ್ನು ನೋಡಿದ.

"ಏನು ಚಿನಿವಾರರೇ, ಊರ ಬೆಳ್ಳಿಗೆಲ್ಲ ನಿಮ್ಮಲ್ಲಿ ಹುಣ್ಣಿಮೆ, ಮನೆಯದಕ್ಕೆ ಮಾತ್ರ ಗ್ರಹಣ ಹಿಡಿದಂತಿದೆ" ಎಂದ.

ನಾಲ್ಕು ಮಂದಿ ನಕ್ಕರು. ಚಿನಿವಾರನೂ ನಕ್ಕ. ಮಜ್ಜಿಗೆಯ ಲೋಟವನ್ನು ಮಾತ್ರ ಹಾಗೆಯೇ ಕೆಳಗಿಟ್ಟ. ಅವರು ಎದ್ದುಹೋದ ಕೂಡಲೇ ಒಳಗೆ ಬಂದು, ಅದನ್ನು ಬಿಚ್ಚಿಕೊಡು ಎಂದು ಕೈ ಚಾಚಿದ.

"ಯಾಕೆ, ಅಕ್ಕ ಏನು ಮಾಡಿದಳು?" ಎಂದಳು ಲಗಮವ್ವ.

"ಅವಳನ್ನು ಮಸಿ ಮಾಡಿಟ್ಟಿದ್ದೀ. ಕಣ್ಣಿಂದ ನೋಡಲಾಗುವುದಿಲ್ಲ."

"ನನಗೆ ಕಾಣುತ್ತಾಳಲ್ಲ. ಮಗುವಿಗೂ ಕಾಣುತ್ತಾಳೆ. ನಿಮ್ಮ ಒಬ್ಬರ ಕಣ್ಣಿಗೆ ಏನಾಯಿತು?"

ಆ ಮಾತು ಅವನಿಗೆ ತಾಗಿತು. ಬೆಳ್ಳಿಯ ವಿಷಯದಲ್ಲಿ ಅವನಿಗೆ ಯಾರೂ ಹಾಗೆ ಎದುರಾಡಿದ್ದಿಲ್ಲ. ಅವಳು ಎಷ್ಟೋ ಬೇಡಿಕೊಂಡಳು. ಇದು ಪದ್ಧತಿ, ಬಿಚ್ಚಬಾರದು ಎಂದಳು. ಬೇಕಾದರೆ ದಿನಾ ನೀರಲ್ಲಿ ತೊಳೆಯುತ್ತೇನೆ ಎಂದಳು. ನೀವು ಪೇಟೆಗೆ ಹೋದರೆ ಈ ಮನೆಯಲ್ಲಿ ನನಗೆ ಮಾತಾಡಲು ಇರುವವಳು ಅವಳೊಬ್ಬಳೇ ಎಂದೂ ಹೇಳಿದಳು. ಅವನು ಕೇಳಲಿಲ್ಲ. ಕೊರಳಿಗಿಂತ ತನ್ನ ಪೆಟ್ಟಿಗೆ ಭದ್ರ, ಪದ್ಧತಿ ಮಾಡಿದವರಿಗೆ ಬೆಳ್ಳಿಯ ಮರ್ಮ ಗೊತ್ತಿರಲಿಲ್ಲ ಎಂದ. ದಾರದಿಂದ ತಗಡು ಬಿಡಿಸಿ, ಅದರ ಜಾಗದಲ್ಲಿ ಒಂದು ಅರಿಶಿನ ಕೊಂಬು ಕಟ್ಟಿಕೊಟ್ಟ. ಮಗು ಒಂದು ವಾರ ಅತ್ತಿತು.

ಅವನಿಗೆ ಬಾಳವ್ವನ ಮೇಲೆ ಪ್ರೀತಿ ಇರಲಿಲ್ಲ ಎಂದುಕೊಳ್ಳಬೇಡ, ತಮ್ಮಾ. ಇಡೀ ಪೇಟೆಯ ಬೆಳ್ಳಿಗೆ ಒಂದು ವಸ್ತ್ರ ಸುತ್ತಿದರೆ ಅವಳಿಗೆ ಏಳು ಸುತ್ತಿದ. ಬೇರೆಯವರ ಒಡವೆಯನ್ನು ವರ್ಷಕ್ಕೊಮ್ಮೆ ಉಜ್ಜಿದರೆ ಅವಳನ್ನು ಪ್ರತಿ ಅಮಾವಾಸ್ಯೆ ಉಜ್ಜಿದ. ಬೆಳಗಿನ ಬಿಸಿಲು ಕಿಟಕಿಯಿಂದ ಬೀಳುವಾಗ ಬಾಗಿಲು ಹಾಕಿಕೊಂಡು ಕೂರುತ್ತಿದ್ದ. ಸೀಮೆಸುಣ್ಣದ ಪುಡಿಯನ್ನು ಮೂರು ಸಲ ಜರಡಿ ಹಿಡಿದು, ಅಂಟುವಾಳದ ನೊರೆಯಲ್ಲಿ ಕಲಸಿ, ತೋರುಬೆರಳ ತುದಿಯಿಂದ ಕೂಸಿಗೆ ಎಣ್ಣೆ ಹಚ್ಚುವಷ್ಟು ಮೆಲ್ಲಗೆ ಉಜ್ಜುತ್ತಿದ್ದ. ಎಷ್ಟೋ ಸಲ ಅವನ ಕಣ್ಣು ತುಂಬುತ್ತಿತ್ತು. ಆಗ ತಟ್ಟನೆ ಮುಖ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. ಕಣ್ಣೀರಿನಲ್ಲಿ ಉಪ್ಪಿದೆ. ಅವಳ ಜೊತೆ ಒಂದು ಮಾತಾಡಬೇಕು ಎನ್ನಿಸುತ್ತಿತ್ತು. ಬಾಯಿಗೆ ಬಟ್ಟೆ ಕಟ್ಟಿರುತ್ತಿತ್ತು.

ಇತ್ತ ಲಗಮವ್ವ ತುತ್ತು ಎತ್ತಿ ಕೊರಳ ಹತ್ತಿರ ಹಿಡಿದು, ಅಲ್ಲಿ ಅಕ್ಕ ಇಲ್ಲವೆಂದು ನೆನಪಾಗಿ, ಪೆಟ್ಟಿಗೆಯ ಕೋಣೆಯ ಕಡೆ ತೋರಿಸಿ ಆಮೇಲೆ ಉಣ್ಣುವಳು. ಹಾಗೇ ದಿನ ಕಳೆದವು. ಅವಳ ಮಾತು ಕಡಿಮೆಯಾಯಿತು. ನೀರು ಸೇದುವ ಹೆಂಗಸರು ಕೆಣಕುವುದನ್ನು ಬಿಟ್ಟರು.

ವರ್ಷಕ್ಕೊಮ್ಮೆ, ಮಹಾನವಮಿಯ ದಿನ, ಎಲ್ಲರ ಮನೆಯಲ್ಲೂ ಹಿರಿಯರ ತಗಡುಗಳನ್ನು ಮಣೆಯ ಮೇಲೆ ಸಾಲಾಗಿ ಇಟ್ಟು ಎಡೆ ಕೊಡುತ್ತಾರೆ. ಅಂದು ಚಿನಿವಾರ ಬಾಳವ್ವನನ್ನು ಹೊರಗೆ ತರುತ್ತಿದ್ದ. ಯಾರೂ ಹೊಸ್ತಿಲು ದಾಟುವಂತಿರಲಿಲ್ಲ. ಜನ ಹೊರಗಿನಿಂದಲೇ ನೋಡಿ ಬಾಯಿ ಬಿಡುತ್ತಿದ್ದರು. ಒಂದು ವರ್ಷ ಅದರ ಹೊಳಪು ಬೀದಿಗೆ ಬಿದ್ದು, ಎದುರು ಮನೆಯ ಹುಂಜ ನಡುಮಧ್ಯಾಹ್ನ ಬೆಳಗಾಯಿತೆಂದು ಕೂಗಿತು. ಅದನ್ನು ಕೇಳಿ ಓಣಿಯ ಮಿಕ್ಕ ಹುಂಜಗಳೂ ಕೂಗಿದವು. ಮಲಗಿದ್ದ ಮುದುಕರು ಎದ್ದು ಹಲ್ಲುಜ್ಜಲು ಹೊರಟರು. ಅಂಥ ಹೊಳಪು. ಎಂಥ ಬೆಳ್ಳಿ, ಎಂಥ ಕೈ ಎಂದು ಎಲ್ಲರೂ ಹೊಗಳಿದರು. ಮುಖ ಹೇಗಿದೆ ಎಂದು ಒಬ್ಬರೂ ಹೇಳಲಿಲ್ಲ. ಅಷ್ಟು ಹೊಳೆಯುವುದನ್ನು ಯಾರು ದಿಟ್ಟಿಸಿ ನೋಡುತ್ತಾರೆ?

ಮಗಳು ಮಾತ್ರ ಹೊಸ್ತಿಲಲ್ಲಿ ಕಾಲ್ಬೆರಳ ಮೇಲೆ ನಿಂತು ನೋಡುತ್ತಿದ್ದಳು. ಅವಳಿಗೆ ಅವ್ವನ ಮುಖ ನೆನಪಿರಲಿಲ್ಲ. ಬಾಯಲ್ಲಿ ಬೆಳ್ಳಿಯ ತಣ್ಣನೆಯ ರುಚಿ ಒಂದು ನೆನಪಿತ್ತು. ಹತ್ತಿರದಿಂದ ತೋರಿಸು ಎಂದು ಅಪ್ಪನನ್ನು ಕೇಳಿದಳು. ನಿನ್ನ ಮದುವೆಯ ದಿನ ಕೈಯಲ್ಲೇ ಇಡುತ್ತೇನೆ, ಅಲ್ಲಿಯವರೆಗೆ ಹೊಳಪು ಕೆಡಬಾರದು ಎಂದ. ಅವ್ವ ಹೇಗಿದ್ದಳು ಎಂದು ಚಿಕ್ಕವ್ವನನ್ನು ಕೇಳಿದಳು. ಲಗಮವ್ವ ಬಾಳವ್ವನನ್ನು ಜೀವಂತ ಕಂಡವಳಲ್ಲ. ಆದರೂ ಮೂರು ವರ್ಷ ದಿನಾ ಆ ಹಣೆಗೆ ಕುಂಕುಮ ಇಟ್ಟವಳು. ಬಾಯಲ್ಲಿ ಹೇಳಿದರೆ ಕೆಟ್ಟುಹೋಗುತ್ತದೆ ಮಗಳೇ, ಕೈಗೆ ಸಿಕ್ಕ ದಿನ ಒಂದೊಂದೇ ಬೆರಳಿಟ್ಟು ತೋರಿಸುತ್ತೇನೆ ಎಂದಳು.

ಮಗಳಿಗೆ ಹದಿನೈದು ತುಂಬಿದ ಶ್ರಾವಣದಲ್ಲಿ ಲಗಮವ್ವನ ಎದೆಯಲ್ಲಿ ಕಫ ಕಟ್ಟಿತು. ಹತ್ತು ದಿನ ಮಲಗಿದಳು. ಹನ್ನೊಂದನೆಯ ದಿನ ಗಂಡನನ್ನು ಕರೆದು ಅಂಗೈ ಮೇಲೆ ಮಾಡಿ ಇಟ್ಟಳು.

"ಅಕ್ಕನನ್ನು ಒಮ್ಮೆ ಕೊಡಿ. ಮಗಳಿಗೆ ತೋರಿಸುವುದಿದೆ."

ಚಿನಿವಾರ ಹೋಗಿ ಬಾಯಿಗೆ ಬಟ್ಟೆ ಕಟ್ಟಿಕೊಂಡು ಪೆಟ್ಟಿಗೆಯ ಮುಚ್ಚಳ ಎತ್ತಿದ. ಹೊರಗೆ ಐದು ದಿನದಿಂದ ಬಿಡದ ಜಡಿಮಳೆ. ಗೋಡೆ ಮುಟ್ಟಿದರೆ ಕೈಗೆ ನೀರು ಹತ್ತುತ್ತಿತ್ತು. ಹೆಂಡತಿಯ ಅಂಗೈ ಜ್ವರದ ಬೆವರಿನಿಂದ ಒದ್ದೆಯಾಗಿತ್ತು. ಅವನು ಏಳು ವಸ್ತ್ರದ ಗಂಟನ್ನು ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಂಡ. ಮುಚ್ಚಳ ಇಳಿಸಿದ. ಬಂದು, ಒಂದು ಬಿಸಿಲು ಬೀಳಲಿ, ಖಂಡಿತ ಕೊಡುತ್ತೇನೆ ಎಂದ.

ಲಗಮವ್ವ ಅವನನ್ನು ನೋಡಿ, ಆಗಲಿ ಎಂದಳು. ಅಂಗೈ ಮಾತ್ರ ಮಡಚಲಿಲ್ಲ.

ಮೂರನೆಯ ದಿನ ಮಳೆ ನಿಂತು ಬಿಸಿಲು ಬಿತ್ತು. ಅವಳು ಹೋಗಿ ಆಗಲೇ ಒಂದು ದಿನವಾಗಿತ್ತು.

ಪದ್ಧತಿಯ ಪ್ರಕಾರ ಅವಳಿಗೂ ಒಂದು ತಗಡು ಮಾಡಿಸಬೇಕು. ಸಿಕ್ಕ ಬೆಳ್ಳಿಯಲ್ಲೆಲ್ಲ ಅವನಿಗೆ ಸೀಸದ ವಾಸನೆ ಬಂತು. ಕಪ್ಪಾಗದಂಥ ಬೆಳ್ಳಿ ಸಿಗಲಿ ಎಂದು ಮುಂದೂಡಿದ. ಒಂದು ಮಹಾನವಮಿ ಹೋಯಿತು, ಇನ್ನೊಂದು ಹೋಯಿತು. ಅಂಥ ಬೆಳ್ಳಿ ಆ ಪೇಟೆಗೆ ಬರಲಿಲ್ಲ. ಅಮಾವಾಸ್ಯೆ ಮಾತ್ರ ತಪ್ಪದೆ ಬರುತ್ತಿತ್ತು. ಅವನು ಬಾಗಿಲು ಹಾಕಿಕೊಂಡು ಬಾಳವ್ವನನ್ನು ಉಜ್ಜುತ್ತಿದ್ದ.

ಹದಿನೇಳಕ್ಕೆ ಮಗಳ ಮದುವೆ ಗೊತ್ತಾಯಿತು. ಮದುವೆಯ ಹಿಂದಿನ ದಿನ ಮದುಮಗಳಿಗೆ ಉಡಿ ತುಂಬುತ್ತಾರೆ. ಮೊದಲ ಬೊಗಸೆ ಅಕ್ಕಿ ತಾಯಿಯದು. ತಾಯಿ ಇಲ್ಲದವಳ ಉಡಿಯಲ್ಲಿ ಮೊದಲು ತಾಯಿಯ ತಗಡು ಇಟ್ಟು, ಆಮೇಲೆ ಮಿಕ್ಕವರು ಅಕ್ಕಿ, ಕೊಬ್ಬರಿ, ಅರಿಶಿನ ಕೊಂಬು ಹಾಕುತ್ತಾರೆ. ಬೆಳಗಿನ ಹೊತ್ತು. ಓಣಿಯ ಹೆಂಗಸರೆಲ್ಲ ಸೇರಿದ್ದರು. ಹುಡುಗಿ ಮೈತುಂಬ ಅರಿಶಿನ ಹಚ್ಚಿಕೊಂಡು ಮಣೆಯ ಮೇಲೆ ಕೂತಿದ್ದಳು. ಎಲ್ಲರೂ ಅವಳನ್ನು ನೋಡುತ್ತಿದ್ದರೆ ಅವಳು ಪೆಟ್ಟಿಗೆಯ ಕೋಣೆಯ ಬಾಗಿಲನ್ನೇ ನೋಡುತ್ತಿದ್ದಳು.

ಚಿನಿವಾರ ಬಂದ. ಏಳು ವಸ್ತ್ರಗಳನ್ನು ಒಂದೊಂದಾಗಿ ಬಿಚ್ಚಿ ತಗಡನ್ನು ಮಗಳ ಅಂಗೈಯಲ್ಲಿ ಇಟ್ಟ. ಹದಿಮೂರು ವರ್ಷದಲ್ಲಿ ಇನ್ನೊಬ್ಬರ ಕೈ ಅದನ್ನು ಮುಟ್ಟಿದ್ದು ಅದೇ ಮೊದಲು. ಹುಡುಗಿ ನೋಡಿದಳು. ಮಗುಚಿ ನೋಡಿದಳು. ಮತ್ತೆ ಮಗುಚಿದಳು. ಸೆರಗಿನಿಂದ ಕಣ್ಣು ಒರೆಸಿಕೊಂಡು ಇನ್ನೊಮ್ಮೆ ನೋಡಿದಳು.

"ಅಪ್ಪಾ," ಎಂದಳು, "ಇದರಲ್ಲಿ ಮುಂದಿನ ಕಡೆ ಯಾವುದು?"

ಸರಿಯಾಗಿ ನೋಡು ಎಂದು ಗದರಿದ. ಬಗ್ಗಿ ಬೆರಳು ಮಾಡಿದ. ಇಗೋ ಹಣೆ, ಇಗೋ ಮೂಗು, ಇಲ್ಲಿ ತುಟಿಯ ಮೂಲೆ ಎಂದ. ಬೆರಳು ನುಣ್ಣನೆಯ ಬೆಳ್ಳಿಯ ಮೇಲೆ ಅಲ್ಲಿಂದಿಲ್ಲಿಗೆ ಜಾರುತ್ತಿತ್ತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ಚಿನಿವಾರ ಬೆರಳು ತೆಗೆದ. ಮಗಳ ಕೈಯಲ್ಲಿದ್ದದ್ದನ್ನು ಅವರೆಲ್ಲ ನೋಡುತ್ತಿದ್ದ ಹಾಗೆ ತಾನೂ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ಅಲ್ಲೇ ಹಾರಾಡುತ್ತಿದ್ದ ಒಂದು ನೊಣ ಅದರ ಮೇಲೆ ಕೂತು ಜಾರಿ ಕೆಳಗೆ ಬಿತ್ತು.

ಪತ್ತಾರನನ್ನು ಕರೆಸಿದರು. ಹಳೆಯ ಪತ್ತಾರ ಸತ್ತು, ಆ ಜಾಗಕ್ಕೆ ಪರವೂರಿನವನು ಬಂದಿದ್ದ. ಅವನು ತಗಡನ್ನು ಬೆರಳ ತುದಿಯಲ್ಲಿ ಹಿಡಿದು, ಇನ್ನೊಂದು ವರ್ಷ ಉಜ್ಜಿದ್ದರೆ ಇದು ಗಾಳಿಗೆ ಹಾರಿ ಪಕ್ಕದ ಊರಲ್ಲಿ ಬೀಳುತ್ತಿತ್ತು ಎಂದ. ಗೆರೆಯಲ್ಲಿ ಕಪ್ಪು ಕೂತರೇ ಕಣ್ಣು ಹುಬ್ಬು ಕಾಣುವುದು, ಅದನ್ನು ತೆಗೆಯಲು ಹೋಗಿ ಗೆರೆಯನ್ನೇ ತೆಗೆದಿದ್ದೀರಿ ಎಂದ. ಅವನಿಗೆ ಚಿನಿವಾರನ ಹೆಸರು ಗೊತ್ತಿರಲಿಲ್ಲ, ಅದಕ್ಕೇ ಧೈರ್ಯವಾಗಿ ಹೇಳಿದ. ಆಮೇಲೆ ಅರಗು ಕಾಯಿಸಲು ಇಟ್ಟು, ಮುಖ ಹೇಗಿತ್ತು ಹೇಳಿ, ಸಂಜೆಯೊಳಗೆ ಎತ್ತಿಕೊಡುತ್ತೇನೆ ಎಂದ.

ಬಾಳವ್ವನನ್ನು ಕಂಡಿದ್ದ ಮೂವರು ಮುದುಕಿಯರು ಅಲ್ಲಿದ್ದರು. ಮೂವರೂ ಮೂರು ಮೂಗು ಹೇಳಿದರು. ಉದ್ದ ಎಂದವಳಿಗೂ ಮೊಂಡು ಎಂದವಳಿಗೂ ಜಗಳವೇ ಹತ್ತಿತು. ಹದಿನಾರು ವರ್ಷದ ಹಿಂದಿನ ಮಾತು. ಗಂಡನೇ ಹೇಳಲಿ ಎಂದು ಪತ್ತಾರ ಅವರನ್ನು ಸುಮ್ಮನಿರಿಸಿದ.

ಚಿನಿವಾರ ಕಣ್ಣು ಮುಚ್ಚಿ ಕೂತ. ಮೊದಲು ಏನೂ ಬರಲಿಲ್ಲ. ಹೊಳಪು ಬಂತು, ಹೊಳಪಿನ ಹಿಂದೆ ಇನ್ನೂ ಹೊಳಪು ಬಂತು. ಅವನು ಕದಲಲಿಲ್ಲ. ಬಹಳ ಹೊತ್ತಿನ ಮೇಲೆ ಒಂದು ಮುಖ ಮೆಲ್ಲಗೆ ಎದ್ದು ಬಂದು ಎದುರಿಗೆ ನಿಂತಿತು. ಅವನ ಎದೆ ತುಂಬಿತು. ಬಂದಳು, ಬರೆದುಕೋ ಎಂದು ಹೇಳತೊಡಗಿದ. ಗಲ್ಲ ಚಿಕ್ಕದು ಎಂದ. ಕೆನ್ನೆಯ ಎಲುಬು ಸ್ವಲ್ಪ ಮೇಲೆ ಎಂದ. ಎಡ ಹುಬ್ಬಿನಲ್ಲಿ ಒಂದು ಕಡೆ ಕೂದಲಿಲ್ಲ, ಅಲ್ಲೊಂದು ಗೆರೆ ಎಳೆ ಎಂದ. ಕಣ್ಣು ಏನೋ ಕೇಳಿ ಸುಮ್ಮನಾದ ಹಾಗೆ ಇರಲಿ ಎಂದ. ತಗಡು ಹರಿಯದಂತೆ ಪತ್ತಾರ ಉಸಿರು ಹಿಡಿದು ಉಳಿ ತಟ್ಟಿದ. ಹೊತ್ತು ಇಳಿಯುವುದರೊಳಗೆ ಮುಖ ಎದ್ದಿತು. ಅಡ್ಡಿಯಿಲ್ಲ, ಇಷ್ಟು ಚೆನ್ನಾಗಿ ಹೇಳಿದವರನ್ನು ಕಂಡಿಲ್ಲ ಎಂದು ಅವನೂ ಅಂದ.

ಹುಡುಗಿ ಬೆಳಗಿನಿಂದ ಮಣೆ ಬಿಟ್ಟು ಎದ್ದಿರಲಿಲ್ಲ. ತಗಡನ್ನು ಅವಳ ಉಡಿಯಲ್ಲಿ ಇಟ್ಟರು. ಅವಳು ನೋಡಿದಳು.

"ಅಪ್ಪಾ, ಇದು ಚಿಕ್ಕವ್ವ."

ಹುಬ್ಬಿನ ಗೆರೆಯ ಮೇಲೆ ಬೆರಳಿಟ್ಟು ಹೇಳಿದಳು. ನನ್ನನ್ನು ಸೊಂಟದ ಮೇಲೆ ಎತ್ತಿಕೊಂಡು ಬಾವಿಯ ಮೆಟ್ಟಿಲಲ್ಲಿ ಜಾರಿದಾಗ ಆದ ಗಾಯ ಇದು. ಕೈ ಊರಿದ್ದರೆ ನಾನು ಬೀಳುತ್ತಿದ್ದೆ. ನನ್ನನ್ನು ಬಿಡಲಿಲ್ಲ, ಮುಖ ಊರಿದಳು.

ಚಿನಿವಾರ ಮತ್ತೆ ಕಣ್ಣು ಮುಚ್ಚಿದ. ಬಾಳವ್ವನನ್ನು ಹೆಸರು ಹಿಡಿದು ಕರೆದ. ಅವಳು ಬರಲಿಲ್ಲ. ಬಂದವಳು ಲಗಮವ್ವನೇ, ಬೆವರಿದ ಅಂಗೈ ಮುಂದೆ ಚಾಚಿಕೊಂಡು. ಹದಿನಾಲ್ಕು ವರ್ಷ ಒಂದೇ ಮನೆಯಲ್ಲಿದ್ದವಳನ್ನು ತಾನು ಇಷ್ಟು ನೋಡಿದ್ದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ.

ಪತ್ತಾರ ಗಾಬರಿಯಾದ. ತಪ್ಪಾಗಿದ್ದರೆ ತಟ್ಟಿ ಸಮ ಮಾಡಿ ಇನ್ನೊಮ್ಮೆ ಎತ್ತಲೇ ಎಂದು ಕೈ ಚಾಚಿದ. ಹುಡುಗಿ ತಗಡಿನ ಮೇಲೆ ಎರಡೂ ಕೈ ಮುಚ್ಚಿದಳು.

"ಬೇಡ. ಒಬ್ಬಳನ್ನು ಅಳಿಸಿದ್ದು ಸಾಕು."

ಹೆಂಗಸರು ಉಡಿ ತುಂಬಿದರು. ಯಾರೂ ಸೋಬಾನೆ ಹಾಡಲಿಲ್ಲ. ಮರುದಿನ ಮದುವೆಯಾಗಿ, ಹುಡುಗಿ ಆ ತಗಡನ್ನು ಅರಿಶಿನ ದಾರದಲ್ಲಿ ಕೊರಳಿಗೆ ಕಟ್ಟಿಕೊಂಡು ಗಂಡನ ಮನೆಗೆ ಹೋದಳು. ಬಾಳವ್ವನ ಗೆಜ್ಜೆಯ ಬೆಳ್ಳಿ, ಅದರ ಮೇಲೆ ಲಗಮವ್ವನ ಮುಖ. ದಾರಿಯಲ್ಲಿ ಅವಳು ಅದರ ಜೊತೆ ಏನೋ ಮಾತಾಡುತ್ತಿದ್ದಳು ಎಂದು ಗಾಡಿ ಹೊಡೆದವನು ಬಂದು ಹೇಳಿದ.

ಚಿನಿವಾರ ಆಮೇಲೂ ಬಹಳ ವರ್ಷ ಬದುಕಿದ. ಊರವರ ಬೆಳ್ಳಿ ಅವನ ಪೆಟ್ಟಿಗೆಯಲ್ಲಿ ಮೊದಲಿನಂತೆಯೇ ಹೊಳೆಯುತ್ತಿತ್ತು. ಅಮಾವಾಸ್ಯೆಯ ಬೆಳಿಗ್ಗೆ ಅವನು ಬಾಗಿಲು ಹಾಕಿಕೊಂಡು, ಉಜ್ಜಲು ಏನೂ ಇಲ್ಲದೆ, ಕಣ್ಣು ಮುಚ್ಚಿ ಕೂರುತ್ತಿದ್ದ. ಯಾರು ಬರುತ್ತಾರೆ ಎಂದು ಕಾಯುತ್ತಿದ್ದ. ಬಾಳವ್ವ ಒಮ್ಮೆಯೂ ಬರಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯ ಚಾಪೆಯ ಮೇಲಿನ ನಾಣ್ಯವನ್ನು ಅಂಗೈಗೆ ತೆಗೆದುಕೊಂಡ. ಆಮೇಲೆ, ಮಗಳಿಗೆ ಚಿಕ್ಕವ್ವ ಸಿಕ್ಕಳು, ಚಿಕ್ಕವ್ವನಿಗೆ ತಗಡು ಸಿಕ್ಕಿತು, ಆದರೆ ಬಾಳವ್ವನ ಮುಖ ಎಲ್ಲಿ ಹೋಯಿತು ಗುರುಗಳೇ ಎಂದು ಕೇಳಿದ.

"ಪ್ರತಿ ಅಮಾವಾಸ್ಯೆ ಉಜ್ಜಿ ಮುಗಿಸಿ ಅವನು ಕೈ ತೊಳೆದ ನೀರಿನಲ್ಲಿ" ಎಂದರು ಗುರುಗಳು.